ಮೀಟರ್ ಹಲಗೆಯ ಮೇಲೆ ಬರೆದಿದ್ದ ಕೀಲಿ

ಬೆಳಿಗ್ಗೆ ಏಳಕ್ಕೆ ನಾನು ರಜಿಸ್ಟರ್ ತೆರೆಯುತ್ತೇನೆ. ಐದಕ್ಕೆ ಏಳುವುದು, ಲಿಂಗಪೂಜೆ, ಎರಡು ಕಿಲೋಮೀಟರ್ ನಡಿಗೆ, ಒಂದು ಕಪ್ಪು ಚಹಾ, ಆಮೇಲೆ ರಜಿಸ್ಟರ್. ಸೈನ್ಯದಲ್ಲಿ ವೈರ್‌ಲೆಸ್ ಸೆಟ್ಟುಗಳ ಉಸ್ತುವಾರಿಯಲ್ಲಿದ್ದಾಗ ಹತ್ತಿದ ಕ್ರಮ ಅದು. ನಿವೃತ್ತನಾಗಿ ಗೋಕಾಕಿಗೆ ಬಂದು, ಮನೆಮನೆಗೆ ಇಂಟರ್‌ನೆಟ್ ಎಳೆದು ರೂಟರ್ ಕೂರಿಸುವ ಕೆಲಸ ಹಿಡಿದ ಮೇಲೂ ಬಿಡಲಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಸೇರಿ ನೂರಾ ನಲವತ್ತಾರು ಮನೆಗಳು ಆ ರಜಿಸ್ಟರಿನಲ್ಲಿದ್ದವು. ಪ್ರತಿ ಮನೆಗೆ ಒಂದು ಸಾಲು. ಪ್ರತಿ ಸಾಲಿನ ಕೊನೆಯಲ್ಲಿ ಆ ಮನೆಯ ಪಾಸ್‌ವರ್ಡ್.

ಆ ಮಂಗಳವಾರ ಪುಟ ತಿರುಗಿಸುವ ಮೊದಲೇ ಫೋನು ಬಂತು. ಮಮದಾಪುರದ ಒಬ್ಬ ಗಿರಾಕಿ. ಹೊಲದ ಕೂಲಿ ಮಾಡುವ ಮನುಷ್ಯ. ಮಗಳ ಓದಿಗೆಂದು ಎರಡು ವರ್ಷದ ಹಿಂದೆ ಇಂಟರ್‌ನೆಟ್ ಹಾಕಿಸಿದ್ದರು.

"ಫೌಜಿ ಸಾಹೇಬ್ರ, ನಿಮ್ಮ ಡಬ್ಬಿ ಕಿತ್ತ ಇಟ್ಟೇನಿ. ಬಂದ ಒಯ್ರಿ."

"ಯಾಕ್ರಿ? ನೆಟ್ ಸಾವಕಾಶ ಆಗೇತೇನ?"

"ನೆಟ್ಟಿಗೇನ್ ಆಗಿಲ್ರಿ. ನಮಗ ಆಗೇತಿ. ನಿನ್ನಿ ಪೊಲೀಸ್ರು ಬಂದ ಹೋದ್ರು."

ಬೈಕಿನಲ್ಲಿ ಹೋದೆ. ಎರಡು ಕೋಣೆಯ ಮನೆ. ಒಳಗೆ ಗೋಡೆಯ ಮೇಲೆ ಬುದ್ಧನ ಚಿತ್ರ. ಅದರ ಕೆಳಗಿನ ಹಲಗೆಯ ಮೇಲೆ ನಾನೇ ರೂಟರ್ ಕೂರಿಸಿದ್ದೆ. ಈಗ ಹಲಗೆ ಖಾಲಿ. ರೂಟರನ್ನು ಹಳೆಯ ಟವೆಲ್ಲಿನಲ್ಲಿ ಗಂಟು ಕಟ್ಟಿ ಹೊರಗಿನ ಕಟ್ಟೆಯ ಮೇಲೆ ಇಟ್ಟಿದ್ದರು.

ಸಂಗತಿಯನ್ನು ಮಗಳು ಹೇಳಿದಳು. ಊರ ಹಾಲಿನ ಸಂಘದ ಅಧ್ಯಕ್ಷೆಯ ಮೇಲೆ ಯಾರೋ ಸುಳ್ಳು ಹೆಸರಿನ ಖಾತೆಯಿಂದ ಮೂರು ಸಲ ಹೊಲಸು ಬರಹ ಹಾಕಿದ್ದಾರೆ. ಅಧ್ಯಕ್ಷೆ ದೂರು ಕೊಟ್ಟಿದ್ದಾರೆ. ಪೊಲೀಸರು ಜಾಡು ಹಿಡಿದಾಗ ಮೂರೂ ಬರಹ ಈ ಮನೆಯ ಸಂಪರ್ಕದಿಂದಲೇ ಹೋಗಿವೆ. ಹುಡುಗಿ ಪ್ರಾಥಮಿಕ ಶಾಲಾ ಶಿಕ್ಷಕರ ಆಯ್ಕೆ ಪಟ್ಟಿಯಲ್ಲಿದ್ದಳು. ನೇಮಕಕ್ಕೆ ಮೊದಲು ಆಗಬೇಕಾದ ನಡತೆ ಪರಿಶೀಲನೆಯ ಕಡತ ಅದೇ ಠಾಣೆಯಲ್ಲಿತ್ತು. ಸೋಮವಾರ ವರದಿ ಬೆಳಗಾವಿಗೆ ಹೋಗಬೇಕು. ಅದರಲ್ಲಿ 'ಪ್ರಕರಣ ವಿಚಾರಣೆಯಲ್ಲಿದೆ' ಎಂಬ ಎರಡು ಪದ ಬಿದ್ದರೆ ಪಟ್ಟಿಯಲ್ಲಿ ಆಕೆಯ ಹಿಂದಿನವರಿಗೆ ದಾರಿ ತೆರೆಯುತ್ತದೆ.

"ಎರಡನೇ ಬರಹದ ದಿವಸ ನಾ ಊರಾಗ ಇದ್ದಿಲ್ಲ ಕಾಕಾ. ದಾಖಲಾತಿ ತಪಾಸಣೆಗೆ ಬೆಳಗಾವಿಗೆ ಹೋಗಿದ್ದೆ. ಅಲ್ಲಿ ಸಹಿ ಮಾಡೇನಿ."

"ಠಾಣೇದಾಗ ಹೇಳಿದ್ಯಾ ತಂಗಿ?"

"ಹೇಳ್ದೆ. ಲ್ಯಾಪ್‌ಟಾಪ್ ಮನ್ಯಾಗ ಇತ್ತಲ್ಲ, ಮನ್ಯಾಗಿನ ಮಂದಿ ಇದ್ರಲ್ಲ ಅಂದ್ರು."

ಆಕೆಯ ತಂದೆ ಕಟ್ಟೆಯ ಮೇಲೆ ಕುಳಿತವರು ತಲೆ ಎತ್ತಲಿಲ್ಲ. "ಮನ್ಯಾಗಿನ ಮಂದಿ ಅಂದ್ರ ನಾನು, ಅಕಿ ಅವ್ವ. ನನಗ ಸಹಿ ಮಾಡಾಕ ಒಂದ ತಾಸ ಬೇಕು. ಸಾಹೇಬ್ರು ನನ್ನ ಮ್ಯಾಲೆ ಅನಮಾನ ಪಟ್ಟಾರಲ್ಲ, ಅದೊಂದ ಮರ್ಯಾದಿ ಬಂತ ನೋಡ್ರಿ."

ಮೊದಲ ಕೆಲಸ, ರೂಟರಿನೊಳಗಿನ ದಿನಚರಿ ತೆಗೆಯುವುದು. ಯಾವ ಉಪಕರಣ ಯಾವಾಗ ಬಂತು, ಯಾವಾಗ ಹೋಯಿತು ಎಂದು ಅದು ಬರೆದಿಟ್ಟುಕೊಳ್ಳುತ್ತದೆ. ಗಂಟು ಬಿಚ್ಚಿ, ಅಡಾಪ್ಟರ್ ಚುಚ್ಚಿ, ನನ್ನ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ನೋಡಿದರೆ ದಿನಚರಿಯಲ್ಲಿ ಇದ್ದದ್ದು ಒಂದೇ ಸಾಲು: ಈಗ ತಾನೇ ಚಾಲೂ ಆಯಿತು. ಈ ಜಾತಿಯ ಅಗ್ಗದ ರೂಟರುಗಳ ನೆನಪು ಕರೆಂಟಿನ ಮೇಲೆ ನಿಂತಿರುತ್ತದೆ. ತಂದೆ ಸಿಟ್ಟಿನಲ್ಲಿ ತಂತಿ ಕಿತ್ತಾಗಲೇ ಹಳೆಯದೆಲ್ಲ ಅಳಿಸಿ ಹೋಗಿತ್ತು. ಅವರಿಗೆ ಅದನ್ನು ಹೇಳಲಿಲ್ಲ. ಮಗಳಿಗೆ ಹೇಳಿದೆ. ಅವಳೂ ಅಪ್ಪನಿಗೆ ಹೇಳಲಿಲ್ಲ.

ಅರ್ಧ ಗಂಟೆ ಕಾದೆವು. ಸಂಪರ್ಕದ ಪಟ್ಟಿಯಲ್ಲಿ ಒಂದೊಂದೇ ಉಪಕರಣ ಬಂದು ಕೂತಿತು. ಮನೆಯಲ್ಲಿದ್ದದ್ದು ಮೂರು: ಆಕೆಯ ಫೋನು, ಲ್ಯಾಪ್‌ಟಾಪು, ತಂದೆಯ ಫೋನು. ಒಂದೊಂದನ್ನೇ ಆರಿಸಿ, ಪಟ್ಟಿಯಲ್ಲಿ ಯಾವುದು ಮಾಯವಾಯಿತು ನೋಡಿ ಗುರುತು ಹಾಕಿಕೊಂಡೆ. ಮೂರನ್ನೂ ಆರಿಸಿದ ಮೇಲೆ ಪಟ್ಟಿಯಲ್ಲಿ ಇನ್ನೂ ನಾಲ್ಕು ಉಳಿದಿದ್ದವು.

"ಇವು ಯಾರವು ಕಾಕಾ?"

"ಅದನ್ನ ನೀನ ಹೇಳಬೇಕು. ಪಾಸ್‌ವರ್ಡ್ ಯಾರ್‍ಯಾರಿಗೆ ಕೊಟ್ಟೀದಿ?"

"ಯಾರಿಗೂ ಕೊಟ್ಟಿಲ್ಲ."

ನಾನು ನಂಬಲಿಲ್ಲ. ಗಿರಾಕಿಗಳು ಹಾಗೆಯೇ ಹೇಳುತ್ತಾರೆ. ಅಳಿಯ ಬಂದಿದ್ದ, ಕೇಳಿದ, ಕೊಟ್ಟೆವು. ಅಷ್ಟು ಅವರ ಲೆಕ್ಕದಲ್ಲಿ ಕೊಟ್ಟದ್ದಾಗುವುದಿಲ್ಲ. ನಾಲ್ಕು ಉಪಕರಣಗಳ ಗುರುತಿನ ಸಂಖ್ಯೆಗಳನ್ನು ಸಮಯದ ಸಮೇತ ಬರೆದುಕೊಂಡು, ಪಾಸ್‌ವರ್ಡ್ ಬದಲಿಸಿ, ಇನ್ನು ಯಾರಿಗೂ ಹೇಳಬಾರದೆಂದು ತಾಕೀತು ಮಾಡಿ ಬಂದೆ.

ಇಲ್ಲಿ ನನ್ನ ಪಾಸ್‌ವರ್ಡ್ ಪದ್ಧತಿಯನ್ನು ಹೇಳಬೇಕು. ಗಿರಾಕಿಗಳು ಪಾಸ್‌ವರ್ಡ್ ಮರೆಯುತ್ತಾರೆ. ಮರೆತಾಗ ನನಗೆ ಫೋನು ಮಾಡುತ್ತಾರೆ. ದಿನಕ್ಕೆ ಹತ್ತು ಕರೆ ಅದಕ್ಕೇ ಹೋಗುತ್ತಿತ್ತು. ಕೊನೆಗೆ ಒಂದು ನಿಯಮ ಮಾಡಿದ್ದೆ. ಪ್ರತಿ ಮನೆಯ ಮುಂದಿನ ಗೋಡೆಯಲ್ಲಿ ಕರೆಂಟಿನ ಮೀಟರ್ ಹಲಗೆ ಇರುತ್ತದೆ, ಅದರ ಮೇಲೆ ಬಣ್ಣದಲ್ಲಿ ಆರ್.ಆರ್. ನಂಬರ್ ಬರೆದಿರುತ್ತದೆ. ತಾಲ್ಲೂಕಿನ ಮೂರು ಅಕ್ಷರ, ಅದರ ಮುಂದೆ ಆ ನಂಬರಿನ ಐದು ಅಂಕಿ. ಎಂಟು ಅಕ್ಷರ ಆಯಿತು. ರೂಟರು ಕೇಳುವುದೂ ಅಷ್ಟೇ. ಪಾಸ್‌ವರ್ಡ್ ಬದಲಿಸುವ ಪ್ರಸಂಗ ಬಂದರೆ ಅದೇ ಅಂಕಿಗಳು ಹಿಂದುಮುಂದಾಗಿ. ನೂರಾ ನಲವತ್ತಾರು ಮನೆಗೂ ಒಂದೇ ಶಿಸ್ತು. ಕರೆಗಳು ನಿಂತವು. ಆ ಪದ್ಧತಿಯ ಬಗ್ಗೆ ನನಗೆ ಅಭಿಮಾನವಿತ್ತು.

ಬುಧವಾರ ಮಧ್ಯಾಹ್ನ ಹುಡುಗಿಯ ಕರೆ ಬಂತು. ಪಟ್ಟಿ ನೋಡುವುದನ್ನು ಅವಳಿಗೆ ಕಲಿಸಿಕೊಟ್ಟಿದ್ದೆ. "ಕಾಕಾ, ಮತ್ತ ಮೂರ ಬಂದಾವ."

ಮತ್ತೆ ಹೋದೆ. ಆ ಮೂರನ್ನು ಅವುಗಳ ಗುರುತಿನ ಸಂಖ್ಯೆಯಿಂದ ತಡೆಪಟ್ಟಿಗೆ ಹಾಕಿದೆ. ನಾನು ಚಹಾ ಕುಡಿದು ಮುಗಿಸುವುದರೊಳಗೆ ಎರಡು ಹೊಸ ಸಂಖ್ಯೆ ಬಂದು ಕೂತವು. ಈಗಿನ ಫೋನುಗಳು ತಮ್ಮ ನಿಜವಾದ ಸಂಖ್ಯೆ ತೋರಿಸುವುದಿಲ್ಲ. ವೇಷ ಹಾಕಿಕೊಂಡು ಬರುತ್ತವೆ. ಒಂದು ವೇಷಕ್ಕೆ ಬಾಗಿಲು ಹಾಕಿದರೆ ಇನ್ನೊಂದು ವೇಷ. ತಡೆಪಟ್ಟಿಯಿಂದ ಆಗುವ ಕೆಲಸವಲ್ಲ ಇದು. ಬೇಸರದಲ್ಲಿ ಸ್ವಲ್ಪ ಜೋರಾಗಿಯೇ ಕೇಳಿದೆ:

"ನಿನ್ನಿ ಹೊಸಾ ಪಾಸ್‌ವರ್ಡ್ ಇಟ್ಟೇನಿ. ನೀವು ಹೇಳದ ಅದು ಹೊರಗ ಹೆಂಗ ಹೋತು?"

ಹುಡುಗಿ ನನ್ನ ಕಡೆ ನೇರವಾಗಿ ನೋಡಿದಳು. "ನಾ ಅದನ್ನ ಬಾಯಿಲೆ ಸೈತ ಅಂದಿಲ್ಲ ಕಾಕಾ. ನೀವೂ ಠಾಣೇದವರಂಗ ಕೇಳಾಕತ್ತೀರಿ."

ತಂದೆ ಒಳಗಿನಿಂದಲೇ ಅಂದರು: "ಮೇಲ ಹೊಂಟವ್ರ ಕಾಲ ಎಲ್ಲಾರ ಕೈಗೂ ಸಿಗತೈತಿ ಬಿಡ ಮಗಳ. ಫೌಜಿ ಸಾಹೇಬ್ರೂ ಒಂದ ಸಲ ಜಗ್ಗಲಿ."

ರೂಟರಿನ ವೈರ್‌ಲೆಸ್ ಪೂರ್ತಿ ಆರಿಸಿ, ಆಕೆಯ ಲ್ಯಾಪ್‌ಟಾಪಿಗೆ ಮಾತ್ರ ಕೇಬಲ್ ಹಾಕಿಕೊಟ್ಟೆ. ಅಷ್ಟರಿಂದ ಇನ್ನೊಂದು ಬರಹ ಈ ಮನೆಯ ಹೆಸರಿನಲ್ಲಿ ಹೋಗುವುದು ನಿಲ್ಲುತ್ತಿತ್ತು. ಹಿಂದೆ ಹೋದ ಮೂರಕ್ಕೆ ಅದು ಪರಿಹಾರವಲ್ಲ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ: ಗೋಡೆಗೆ ಗೋಡೆ ಹತ್ತಿದ ಮನೆಯವರೇ? ಹಳೆಯ ಲೋಪ ಹಿಡಿದು ಒಡೆಯುವ ತಂತ್ರಾಂಶವೇ? ಉತ್ತರ ಸಿಗಲಿಲ್ಲ.

ಗುರುವಾರ ರಜಿಸ್ಟರಿನ ಪ್ರಕಾರ ಮೂಡಲಗಿಯ ಸರದಿ. ಒಂದು ಮನೆಯಲ್ಲಿ ನೆಟ್ ನಿಧಾನ ಎಂಬ ದೂರಿತ್ತು. ಆ ಮನೆಯ ಎದುರು ಬೇವಿನ ಮರ. ಅದರ ನೆರಳಲ್ಲಿ ಬಾಡಿಗೆಯ ಟೆಂಪೋಗಳು ನಿಲ್ಲುತ್ತವೆ. ಮನೆಯ ಹಿರಿಯ ಅಮ್ಮ ಬಾಗಿಲಲ್ಲಿ ಕೂತು ಶೇಂಗಾ ಒಡೆಯುತ್ತಿದ್ದರು.

"ಬರ್ರಿ ಫೌಜಿಯವ್ರ. ನನ್ನ ಮಮ್ಮಗಳ ವಿಡಿಯೋದಾಗ ಬರೇ ಬಾಯಿ ತೆರಕೊಂಡ ನಿಂತಿರತಾಳ್ರಿ. ಮಾತ ಆಮ್ಯಾಲ ಬರತೈತಿ."

"ನೋಡತೀನಿ ಅಮ್ಮಾ."

"ಮತ್ತ ಇನ್ನೊಂದ ಕೇಳತೀನಿ. ಕರೆಂಟಿನವ ತಿಂಗಳಿಗೆ ಒಮ್ಮೆ ಮೀಟರ್ ನೋಡಾಕ ಬರತಾನ. ಈ ಟೆಂಪೋದವ್ರು ದಿನಾ ಯಾಕ ನೋಡತಾರ?"

"ಯಾವ ಮೀಟರ್ ಅಮ್ಮಾ?"

"ನಮ್ಮದ. ಹೊಸಾ ಗಾಡಿಯಂವ ಬಂದನಂದ್ರ ಮದಲ ಮೀಟರ್ ಮುಂದ ನಿಂತ ಫೋನ್ ಒತ್ತತಾನ. ಬಿಲ್ ಕಟ್ಟತಾನೇನೋ ಅಂತ ನಾ ಸುಮ್ಮನಿದ್ದೆ."

ಮರದ ಕೆಳಗೆ ಹೋಗಿ ಒಬ್ಬ ಚಾಲಕನನ್ನು ಕೇಳಿದೆ. ಅವನಿಗೆ ನನ್ನ ಗುರುತಿಲ್ಲ. ಮರೆಮಾಚುವಂಥದ್ದು ಏನೂ ಇಲ್ಲವೆಂಬಂತೆ ಹೇಳಿದ: "ಅದೇನ ದೊಡ್ಡದಲ್ಲ ಕಾಕಾ. ಯಾರೋ ಫೌಜಿ ಅಂತ, ಅಂವ ಹಾಕಿದ ನೆಟ್ ಇದ್ದಲ್ಲಿ ತಾಲೂಕಿನ ಮೂರ ಅಕ್ಷರ, ಮುಂದ ಮೀಟರ್ ನಂಬರ ಹೊಡೀರಿ, ಹತ್ತತೈತಿ. ಹತ್ತಲಿಲ್ಲ ಅಂದ್ರ ಉಲ್ಟಾ ಹೊಡೀರಿ. ಗೋಕಾಕಿನಿಂದ ಹುಕ್ಕೇರಿ ಮಟ ನಮಗ ನೆಟ್ಟಿಂದ ಕಾಳಜಿ ಇಲ್ಲ."

"ನಿಮಗ ಯಾರ ಹೇಳಿದ್ರು?"

"ಅಂವನ ಹೇಳ್ಯಾನಂತ. ಮನಿ ಮನಿಗೆ."

ಅದು ನಿಜ. ಪ್ರತಿ ಮನೆಯಲ್ಲಿ ರೂಟರ್ ಕೂರಿಸಿ ಹೊರಡುವಾಗ ಹೊಸ್ತಿಲಲ್ಲಿ ನಿಂತು, ಬೆರಳು ಮಾಡಿ ತೋರಿಸಿ ಹೇಳುತ್ತಿದ್ದೆ: ನಿಮ್ಮ ಮೀಟರ್ ನಂಬರೇ ನಿಮ್ಮ ಕೀಲಿ, ಹತ್ತದಿದ್ದರೆ ಹಿಂದಿನಿಂದ ಓದಿರಿ. ಒಂದು ಮನೆಗೆ ಅದು ಗುಟ್ಟು. ಎರಡನೆಯ ಮನೆಗೂ ಅದೇ ಮಾತು ಹೇಳಿದ ಕ್ಷಣಕ್ಕೆ ಗುಟ್ಟಾಗಿ ಉಳಿಯಲಿಲ್ಲ. ಸೈನ್ಯದಲ್ಲಿ ಸಂಕೇತಗಳನ್ನು ದಿನಕ್ಕೊಮ್ಮೆ ಬದಲಿಸುತ್ತಿದ್ದವನು ನಾನು. ಇಲ್ಲಿ ಅಚ್ಚುಕಟ್ಟು ಕಂಡರೆ ಸಾಕು, ಸುರಕ್ಷಿತ ಎಂದುಕೊಂಡುಬಿಟ್ಟಿದ್ದೆ. ಕಳ್ಳನಿಗೂ ಅಚ್ಚುಕಟ್ಟೇ ಅನುಕೂಲ ಎಂದು ಹೊಳೆದಿರಲಿಲ್ಲ.

ಆ ಅಮ್ಮನ ರೂಟರಿನ ಕೀಲಿಯನ್ನು ಆಗಲೇ ಬದಲಿಸಿದೆ. ಮೊಮ್ಮಗಳ ಬಾಯಿಗೂ ಮಾತಿಗೂ ಹೊಂದಾಣಿಕೆಯಾಯಿತು. ಗೋಕಾಕಿಗೆ ಮರಳುವಾಗ ದಾರಿಯ ಎರಡೂ ಬದಿಯ ಮೀಟರ್ ಹಲಗೆಗಳು ಕಣ್ಣಿಗೆ ಬೀಳುತ್ತಿದ್ದವು. ಅವುಗಳಲ್ಲಿ ನನ್ನವು ಯಾವುವು ಎಂದು ನನಗೆ ಬಾಯಿಪಾಠವಿತ್ತು.

ಶುಕ್ರವಾರ ಮುಂಜಾನೆ ಏರಿಯಾ ಗುತ್ತಿಗೆದಾರನ ಕಚೇರಿಗೆ ಹೋದೆ. ಮೂರು ತಾಲ್ಲೂಕಿನ ಕೆಲಸ ನನಗೆ ಕೊಟ್ಟವನು ಅವನೇ. ವಯಸ್ಸಿನಲ್ಲಿ ನನ್ನ ಮಗನಷ್ಟು. ಎಲ್ಲವನ್ನೂ ಹೇಳಿ, ಠಾಣೆಗೆ ಬರೆದು ಕೊಡುತ್ತೇನೆ ಎಂದೆ. ಅವನು ಎದ್ದು ಹೋಗಿ ಬಾಗಿಲು ಹಾಕಿ ಬಂದ.

"ಕಾಕಾ, ಬರೀರಿ. ಆದ್ರ ಗಿರಾಕಿ ತನ್ನ ಪಾಸ್‌ವರ್ಡ್ ಯಾರಿಗೋ ಕೊಟ್ಟಾಳ ಅಂತ ಬರೀರಿ. ಅಕಿ ಬರದಿಲ್ಲ ಅನ್ನೂದೂ ಆತು, ನಮ್ಮ ಮ್ಯಾಲೆ ಬರೂದೂ ತಪ್ಪತೈತಿ."

"ಅಕಿ ಕೊಟ್ಟಿಲ್ಲ. ನಾ ಕೊಟ್ಟೇನಿ."

"ಯಾರಿಗೆ?"

"ಮೂರ ತಾಲೂಕಿಗೆ."

ಅವನು ನಗಲಿಲ್ಲ. "ನೀವು ಹಂಗ ಬರದ್ರ ಕಂಪನಿ ನನ್ನ ಕೇಳತೈತಿ. ನಾ ನಿಮ್ಮನ್ನ ಇಟಕೊಳ್ಳಾಕ ಆಗಂಗಿಲ್ಲ. ವಿಚಾರ ಮಾಡ್ರಿ."

ವಿಚಾರ ಮಾಡಲು ಹೊರಗಿನ ಬೆಂಚಿನ ಮೇಲೆ ಕೂತೆ. ಅವನು ಹೇಳಿದ ಹಾಗೆ ಬರೆದರೆ ಹುಡುಗಿ ಅಪರಾಧದಿಂದ ಪಾರಾಗಬಹುದು. ಆದರೆ ಅಜಾಗರೂಕತೆ ಎಂಬ ಮಾತು ಆಕೆಯ ಕಡತದಲ್ಲಿ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದು ಸುಳ್ಳು. ಬುಧವಾರ ಆಕೆಯ ಮುಖಕ್ಕೆ ನಾನು ಎಸೆದು ಬಂದಿದ್ದೂ ಅದೇ ಸುಳ್ಳು. ಗೊತ್ತಿಲ್ಲದೆ ಒಮ್ಮೆ ಆಡಿದ್ದನ್ನು ಗೊತ್ತಿದ್ದು ಎರಡನೆಯ ಸಲ ಆಡುವುದು ನನ್ನಿಂದಾಗದು. ಅಲ್ಲೇ ಎರಡು ಹಾಳೆ ಬರೆದೆ: ಪದ್ಧತಿ ಏನು, ಯಾವಾಗಿನಿಂದ, ಎಷ್ಟು ಮನೆ, ಯಾರು ಮಾಡಿದ್ದು. ಕಂಡ ಉಪಕರಣಗಳ ಸಂಖ್ಯೆ ಮತ್ತು ವೇಳೆಯ ಪಟ್ಟಿ ಲಗತ್ತಿಸಿದೆ. ಕೊನೆಗೆ ಸಹಿ.

ಠಾಣೆಯಲ್ಲಿ ತನಿಖಾಧಿಕಾರಿ ಎರಡೂ ಹಾಳೆ ಓದಿದರು. ಬಾಜೂದ ಮೇಜಿನಲ್ಲಿ ನಡತೆ ಪರಿಶೀಲನೆಯ ಕಡತಗಳನ್ನು ನೋಡುವ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಕೂತಿದ್ದರು.

"ಕೇಳಾಕ ಚಲೋ ಐತ್ರಿ," ಎಂದರು ಅಧಿಕಾರಿ. "ಖರೆ ಅಂತ ನಾ ಹೆಂಗ ನಂಬಲಿ? ನೀವು ಅವ್ರ ಪೈಕಿ ಮನಷ್ಯಾ ಇರಬಹುದು."

"ತೋರಸ್ತೀನ್ರಿ ಸರ್. ಆದ್ರ ಯಾರದರೆ ಮನೀದು ಅವ್ರನ್ನ ಕೇಳದ ತೆರ್‍ಯಾಂಗಿಲ್ಲ." ಹೆಡ್ ಕಾನ್‌ಸ್ಟೇಬಲರ ಕಡೆ ತಿರುಗಿದೆ. "ಮೇಡಮ್ಮರ, ಠಾಣೆ ಹಿಂದಿನ ಓಣ್ಯಾಗ ನಿಮ್ಮ ಮನಿ. ಹೋದ ವರ್ಷ ನಾನ ನೆಟ್ ಹಾಕಿದ್ದು. ನೀವು ಒಪ್ಪಿದ್ರ..."

"ನಮ್ಮದರ ಪಾಸ್‌ವರ್ಡ್ ನಮ್ಮ ಮನೆಯವರಿಗೆ ಅಷ್ಟ ಗೊತ್ರಿ. ನನಗೂ ಹೇಳಿಲ್ಲ."

"ನಿಮಗ ಹೇಳೋದ ಬ್ಯಾಡ. ಓಣ್ಯಾಗ ನಿಂತು ಮೀಟರ್ ನೋಡ್ರಿ. ತಾಲೂಕಿನ ಮೂರ ಅಕ್ಷರ, ಆಮ್ಯಾಲ ಆ ನಂಬರ."

ಅವರು ಟೋಪಿ ಇಟ್ಟುಕೊಂಡು ಹೋದರು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತ ಕೂತರು. ಐದು ನಿಮಿಷದಲ್ಲಿ ಹೆಡ್ ಕಾನ್‌ಸ್ಟೇಬಲ್ ಮರಳಿ ಬಂದರು, ಟೋಪಿ ಕೈಯಲ್ಲಿತ್ತು.

"ಹತ್ತಿತ್ರಿ ಸರ್. ಗೇಟ್ ಸೈತ ದಾಟಿಲ್ಲ." ಆಮೇಲೆ ನನ್ನ ಕಡೆ ನೋಡಿ, "ಏನ್ರಿ ಇದು ಕಾಕಾ? ಮನೀಗೆ ಕೀಲಿ ಹಾಕಿ, ಕೀಲಿಕೈ ಬಾಗಲಿಗೆ ಜೋತ ಬಿಟ್ಟೀರಲ್ಲ!"

"ಹೌದ್ರಿ. ಅದನ್ನ ಬರಕೊಂಡ ಬಂದೇನಿ."

ಅಧಿಕಾರಿ ಹಾಳೆಗಳನ್ನು ಮತ್ತೊಮ್ಮೆ ಓದಿದರು. ಹುಡುಗಿಯ ಕಡತ ತರಿಸಿದರು. ಬೆಳಗಾವಿಯ ದಾಖಲಾತಿ ತಪಾಸಣೆಯಲ್ಲಿ ಆಕೆ ಸಹಿ ಮಾಡಿದ್ದು ನಿಜವೇ ಎಂದು ನಮ್ಮೆದುರೇ ಫೋನು ಮಾಡಿ ಕೇಳಿದರು. ನನಗೆ ಹೇಳಿದ್ದು ಇಷ್ಟು: "ನಿಮ್ಮ ಮ್ಯಾಲೆ ಕ್ರಮ ಆಗಬಹುದು. ಆಗದನೂ ಇರಬಹುದು. ಮದಲ ಈ ನೂರಾ ನಲವತ್ತಾರು ಬಾಗಲಾ ಮುಚ್ರಿ."

ಸೋಮವಾರ ವರದಿ ಹೋಯಿತು. ಆಕೆಯ ವಿರುದ್ಧ ಏನೂ ಇಲ್ಲ ಎಂದೇ ಹೋಯಿತು. ಬರೆದವರು ಯಾರು ಎಂಬ ತನಿಖೆ ಬೇರೆ ದಾರಿ ಹಿಡಿಯಿತು. ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಮುಂದಿನ ಐದು ವಾರ ಬಾಗಿಲು ಮುಚ್ಚುವ ಕೆಲಸ. ಮೊದಲ ಬಾಗಿಲು ಮಮದಾಪುರದ್ದೇ. ಪ್ರತಿ ಮನೆಯಲ್ಲೂ ಕ್ರಮ ಒಂದೇ. ರೂಟರಿನ ಸೆಟ್ಟಿಂಗ್ ತೆರೆಯುವ ಒಡೆತನದ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಇರುತ್ತಿತ್ತು; ಅದನ್ನು ಮೊದಲು ಬದಲಿಸುವುದು. ಗುಂಡಿ ಒತ್ತಿ ಯಾರು ಬೇಕಾದರೂ ಸೇರಿಕೊಳ್ಳುವ ಸೌಲಭ್ಯ ಆರಿಸುವುದು. ದೂರದಿಂದ ಸೆಟ್ಟಿಂಗ್ ಬದಲಿಸುವ ದಾರಿ ಮುಚ್ಚುವುದು. ಒಳಗಿನ ತಂತ್ರಾಂಶ ಹಳೆಯದಾಗಿದ್ದರೆ ಹೊಸದು ಹಾಕುವುದು. ಬಂದವರಿಗೆಂದು ಬೇರೊಂದು ಅತಿಥಿ ಸಂಪರ್ಕ ಮಾಡಿಕೊಡುವುದು. ಮನೆಗೆ ಬಂದ ಬೀಗರಿಗೆ ಇಲ್ಲ ಎನ್ನಲು ನಮ್ಮ ಕಡೆ ಯಾರಿಗೂ ನಾಲಿಗೆ ಏಳುವುದಿಲ್ಲ. ಹಾಗಿದ್ದ ಮೇಲೆ ಬೀಗರಿಗೆ ಪಡಸಾಲೆ ಕೊಟ್ಟು, ಒಳಕೋಣೆಗೆ ಬೇರೆ ಕೀಲಿ ಇಡುವುದೇ ಸರಿ.

ಕೊನೆಯದು ಮನೆಯ ಕೀಲಿ. ಅದನ್ನು ಮನೆಯವರೇ ಆರಿಸಬೇಕು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಮಾತು, ನಡುವೆ ಒಂದು ಅಂಕಿ. ಅವರು ಒತ್ತುವಾಗ ನಾನು ಬೆನ್ನು ತಿರುಗಿಸಿ ಗೋಡೆಯ ಕಡೆ ನಿಲ್ಲುವುದು. ರಜಿಸ್ಟರಿನ ಕೊನೆಯ ಅಂಕಣ ಖಾಲಿ. ನಿಜ ಹೇಳುತ್ತೇನೆ, ಆ ಖಾಲಿ ಅಂಕಣ ನೋಡಿ ಮೊದಲ ದಿನ ನನಗೆ ಊಟ ರುಚಿಸಲಿಲ್ಲ.

ಎಲ್ಲರೂ ಸಂತೋಷಪಡಲಿಲ್ಲ. ಮೂಡಲಗಿಯ ಅಮ್ಮನ ಮನೆಗೆ ಅತಿಥಿ ಸಂಪರ್ಕ ಮಾಡಿಕೊಡಲು ಮತ್ತೆ ಹೋದಾಗ, ಆಕೆ ಹೊಸ ಕೀಲಿಯ ನಾಲ್ಕೂ ಮಾತನ್ನು ದೊಡ್ಡ ದನಿಯಲ್ಲಿ ಹೇಳುತ್ತ ಒತ್ತಿದರು. ಬೇವಿನ ಮರದ ತನಕ ಕೇಳಿಸಿತು.

"ಅಮ್ಮಾ, ಬಾಯಿ ಮಾಡಬ್ಯಾಡ್ರಿ!"

"ಬಾಯಿ ಮಾಡದ ನನಗ ಅಕ್ಷರ ಸಿಗಂಗಿಲ್ರಿ. ನೀವು ಕಿವಿ ಮುಚ್ಚಕೋರಿ."

ಎರಡನೆಯ ಸಲ, ರಜೆಗೆ ಬಂದಿದ್ದ ಮೊಮ್ಮಗಳನ್ನು ಕೂರಿಸಿ ಒತ್ತಿಸಿದೆವು. ಇನ್ನೊಬ್ಬರು ಸಂಪರ್ಕವನ್ನೇ ತೆಗೆಸಿದರು: ಇಷ್ಟು ದಿನ ಊರಿಗೆಲ್ಲ ಹಂಚಿ ಈಗ ನಮಗೆ ಪಾಠ ಹೇಳುತ್ತೀರಾ ಎಂದು. ಅವರಿಗೆ ಕ್ಷಮಿಸಿ ಎಂದೆ. ಆ ಐದು ವಾರದಲ್ಲಿ ಆ ಮಾತನ್ನು ಎಷ್ಟು ಹೊಸ್ತಿಲಲ್ಲಿ ಹೇಳಬೇಕಿತ್ತೋ ಅಷ್ಟೂ ಹೊಸ್ತಿಲಲ್ಲಿ ಹೇಳಿದೆ.

ಗುತ್ತಿಗೆದಾರ ನನ್ನನ್ನು ಪೂರ್ತಿ ತೆಗೆಯಲಿಲ್ಲ. ಹುಕ್ಕೇರಿ ತಾಲ್ಲೂಕನ್ನು ಬೇರೆಯವನಿಗೆ ಕೊಟ್ಟ. ಅಲ್ಲಿಯ ನಲವತ್ತೊಂದು ಮನೆ ಮುಗಿಸಿಯೇ ಬಿಟ್ಟುಕೊಡುತ್ತೇನೆ ಎಂದೆ, ಒಪ್ಪಿದ. ಸಂಕೇಶ್ವರದ ಕೊನೆಯ ಮನೆ ಮುಗಿದ ಸಂಜೆ ಆ ಪುಟಗಳನ್ನು ರಜಿಸ್ಟರಿನಿಂದ ಬಿಚ್ಚಿ ಹೊಸಬನ ಕೈಗೆ ಕೊಟ್ಟೆ. ಇನ್ನು ಆ ಕಡೆ ನನ್ನ ಕೆಲಸವಿರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಮುಂಜಾನೆ ಏಳಕ್ಕೆ ಫೋನು ಬಂತು. ಮಮದಾಪುರದ ಹುಡುಗಿ. ಆಕೆಗೆ ಹುಕ್ಕೇರಿ ತಾಲ್ಲೂಕಿನಲ್ಲಿ ನದಿ ದಂಡೆಯ ಒಂದು ಹಳ್ಳಿಯ ಶಾಲೆ ಸಿಕ್ಕಿತ್ತು.

"ಕಾಕಾ, ನಮ್ಮ ಸಾಲಿಗೆ ಹೊಸಾದಾಗಿ ನೆಟ್ ಬಂದೈತ್ರಿ. ಪಾಸ್‌ವರ್ಡ್ ಏನ ಇಟ್ಟಾರ ಹೇಳ್ರಿ ನೋಡೂನು."

"ಬ್ಯಾಡ, ಹೇಳಬ್ಯಾಡ."

"ಸಾಲಿ ಮೀಟರ್ ನಂಬರ್ರಿ. ಹೆಡ್ ಮಾಸ್ತರ್ ಯಾರ ಕಡಿಂದೋ ಕೇಳಿ ಕಲತಾರಂತ. ಭಾಳ ಚಲೋ ಪದ್ಧತಿ ಅಂತ ನನಗ ಹೇಳಾಕತ್ತಿದ್ರು."

"ನೀ ಬದಲ ಮಾಡಬೇಕಿತ್ತಲ್ಲ ತಂಗಿ. ನಿನಗ ಕಲಿಸೇನಿ."

"ಮಾಡಾಕ ಬರತೈತಿ. ಅವ್ರು ನನ್ನ ಮಾತ ಕೇಳವಲ್ರು. ಪದ್ಧತಿ ಮಾಡಿದವ್ರ ಬಂದ ಕೆಡಸ್ರಿ."

ಹುಕ್ಕೇರಿ ನನ್ನ ರಜಿಸ್ಟರಿನಲ್ಲಿಲ್ಲ. ಶನಿವಾರ ಬಸ್ಸು ಹಿಡಿದು ಹೋದೆ. ಹೆಡ್ ಮಾಸ್ತರರ ಮುಂದೆ ಕೂತು, ಆ ಪದ್ಧತಿ ಯಾರದು, ಅದರಿಂದ ಯಾರ ಕೆಲಸ ಹೋಗುವುದರಲ್ಲಿತ್ತು ಎಂದು ಹೇಳಿದೆ. ಯಾರ ಕೆಲಸ ಎಂಬುದನ್ನು ಹೆಸರಿಸಲಿಲ್ಲ. ಅವಳೇ ಹೆಸರಿಸಿದಳು: "ನಂದ್ರಿ ಸರ್." ಹೆಡ್ ಮಾಸ್ತರರು ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಕಂಪ್ಯೂಟರಿನ ಮುಂದಿನ ಕುರ್ಚಿ ಬಿಟ್ಟು ಎದ್ದರು.

ಒಡೆತನದ ಪಾಸ್‌ವರ್ಡ್, ಗುಂಡಿ, ದೂರದ ದಾರಿ, ಅತಿಥಿ ಸಂಪರ್ಕ ಎಲ್ಲವನ್ನೂ ಅವಳೇ ಮಾಡಿದಳು; ನಾನು ನೋಡುತ್ತ ನಿಂತೆ. ಶಾಲೆಯ ಕೀಲಿಯ ಜಾಗಕ್ಕೆ ಬಂದಾಗ ಅವಳು ಕೈ ತೆಗೆದು ನನ್ನ ಕಡೆ ನೋಡಿದಳು.

"ಕಾಕಾ, ಗ್ವಾಡಿ ಕಡೆ."

ಗೋಡೆಯ ಮೇಲೆ ಮಗ್ಗಿ ಬರೆದಿತ್ತು. ಹದಿಮೂರರ ಮಗ್ಗಿ. ಬೆನ್ನ ಹಿಂದೆ ಅವಳು ಒತ್ತುವ ಸಪ್ಪಳ ಕೇಳುತ್ತಿತ್ತು, ನಿಧಾನವಾಗಿ, ತಪ್ಪಿಲ್ಲದೆ. ಕಿಟಕಿಯಲ್ಲಿ ನಾಲ್ಕಾರು ಮಕ್ಕಳು ಇಣುಕಿ, ಬಿಳಿಗೂದಲಿನವನಿಗೆ ಹೊಸ ಟೀಚರ್ ಬಾಯಿಯವರು ಯಾಕೆ ಶಿಕ್ಷೆ ಕೊಟ್ಟಿದ್ದಾರೆಂದು ತಮ್ಮೊಳಗೆ ಮಾತಾಡಿಕೊಂಡವು. ನಾನು ಹದಿಮೂರು ಹತ್ತರ ತನಕ ಓದಿದೆ, ಮತ್ತೆ ಮೊದಲಿನಿಂದ ಓದಿದೆ.

"ಆತು," ಎಂದಳು. "ತಿರಗ್ರಿ ಕಾಕಾ."